ಸಂಗಮದಿಂದ ಮುಂಬೈಗೆ ಒಂದು ಕಬಡ್ಡಿ: ಗೇಮ್ ಸರ್ವರ್ ಕ್ಲೌಡಿಗೆ ಏರೋದು ಹೇಗೆ?

ಇವತ್ತಿನ ಎಪಿಸೋಡು ಸ್ವಲ್ಪ ಟೆಕ್ನಿಕಲ್. ಆದರೆ ಹೇಳ್ತಿರೋನು ಇಂಜಿನಿಯರ್ ಅಲ್ಲ, ಬಿಕಾಂ ಪಾಸಾದವನು. ನನ್ನ ತಲೆಗೆ ಹೋಗಿದೆ ಅಂದ್ರೆ ನಿಮ್ಮ ತಲೆಗೂ ಹೋಗುತ್ತೆ, ಹೆದರಬೇಡಿ.

ಕಥೆ ಶುರುವಾಗೋದು ಕೂಡಲಸಂಗಮದಲ್ಲಿ, ನಮ್ಮ ಕಾಕಾನ ಮನೆಯಲ್ಲಿ. ಐಕ್ಯಮಂಟಪ ನೋಡೋಕೆ ಬಂದ ಬಸ್ಸುಗಳು ಸಂಜೆ ಹೊರಟ ಮೇಲೆ ಊರು ತಣ್ಣಗಾಗುತ್ತೆ. ಕಾಕಾನ ಮಗ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಪ್ರಾಜೆಕ್ಟಿಗೆ ಕಬಡ್ಡಿ ಗೇಮ್ ಮಾಡಿದ್ದ. ಎರಡು ಟೀಮು, ಏಳೇಳು ಜನ, ಒಟ್ಟು 14 ಫೋನು. ಮನೆ ವೈಫೈನಲ್ಲಿ ಚಂದ ಓಡ್ತಿತ್ತು. ಸೋಮವಾರ ವೈವಾ. ಶುಕ್ರವಾರ ರಾತ್ರಿ ನನ್ನ ಹತ್ರ ಬಂದ.

"ಅಣ್ಣಾ, ನಿನ್ನ ಕಾರ್ಡ್ ಬೇಕಾಗೇತಿ. ಸರ್ವರ್ ಕ್ಲೌಡಿಗೆ ಏರಸಬೇಕು."

"ಯಾಕೋ ತಮ್ಮ, ನಿನ್ನ ಲ್ಯಾಪ್‌ಟಾಪಿನಾಗ ಓಡಾಕತ್ತೈತಲ್ಲ?"

ಓಡ್ತಿತ್ತು, ಆದರೆ ಮನೆಯೊಳಗೆ ಮಾತ್ರ. ನಮ್ಮ ಮೊಬೈಲ್ ನೆಟ್‌ವರ್ಕಿನಲ್ಲಿ ನೂರಾರು ಗ್ರಾಹಕರು ಹೊರಗಡೆಗೆ ಒಂದೇ ಐಪಿ ವಿಳಾಸದಲ್ಲಿ ಕಾಣ್ತಾರೆ. ಒಂದೇ ಮನೆ ನಂಬರಿನಲ್ಲಿ ನೂರು ಸಂಸಾರ ಇದ್ದ ಹಾಗೆ. ಇಳಕಲ್ಲಿನ ಗೆಳೆಯನ ಫೋನು ಕೂಡಲಸಂಗಮದ ಲ್ಯಾಪ್‌ಟಾಪನ್ನ ಹುಡುಕಿಕೊಂಡು ಬಂದ್ರೆ, ಯಾವ ಬಾಗಿಲು ಬಡೀಬೇಕು ಅಂತ ಅದಕ್ಕೆ ಗೊತ್ತಾಗಲ್ಲ. ಅದಕ್ಕೇ ಎಲ್ಲರಿಗೂ ಸಿಗೋ ಜಾಗದಲ್ಲಿ ಒಂದು ಕಂಪ್ಯೂಟರ್ ಬಾಡಿಗೆಗೆ ಬೇಕು.

ಆ ಕಂಪ್ಯೂಟರ್ ಮಾಡೋ ಕೆಲಸ ಪಂಚನದು, ಅಂದ್ರೆ ಅಂಪೈರಿಂದು. ರೈಡರ್ ಮುಟ್ಟಿದ್ನಾ ಇಲ್ವಾ, ಗೆರೆಗೆ ವಾಪಸ್ ಬಂದ್ನಾ, 30 ಸೆಕೆಂಡ್ ಮುಗೀತಾ, ಎಲ್ಲ ಅದೇ ತೀರ್ಮಾನ ಮಾಡೋದು. ಪಂಚನಿಗೆ ಬಣ್ಣದ ಅಂಗಿ ಬೇಡ, ಸಂಗೀತ ಬೇಡ. ಅದಕ್ಕೇ ಸರ್ವರ್ ಬಿಲ್ಡ್ ಅಂತ ಬೇರೆ ಮಾಡ್ತಾರೆ. ಯೂನಿಟಿಯಲ್ಲಿ ಅದಕ್ಕೆ 'ಲಿನಕ್ಸ್ ಡೆಡಿಕೇಟೆಡ್ ಸರ್ವರ್' ಅನ್ನೋ ಮಾಡ್ಯೂಲ್ ಇದೆ. ಪರದೆ, ಸದ್ದು ಎಲ್ಲ ಬಿಟ್ಟು ಬರೀ ಲೆಕ್ಕ ಉಳಿಯುತ್ತೆ. ನಮ್ಮ ಹುಡುಗ ಮೊದಲು ಇದನ್ನ ಮಾಡದೇ 400 ಎಂಬಿ ಇದ್ದ ಇಡೀ ಗೇಮನ್ನೇ ಏರಿಸೋಕೆ ಹೊರಟಿದ್ದ. ಕಾಕಾನ ಮನೆಯ ಅಪ್‌ಲೋಡ್ ವೇಗ 2 ಎಂಬಿಪಿಎಸ್. ಇಲ್ಲೊಂದು ಗುಣಾಕಾರ: ಒಂದು ಬೈಟ್ ಅಂದ್ರೆ 8 ಬಿಟ್, ಹಾಗಾಗಿ 400 ಇಂಟು 8 ಭಾಗಿಸು 2, ಅಂದ್ರೆ 1600 ಸೆಕೆಂಡ್, ಹತ್ತಿರ ಹತ್ತಿರ 27 ನಿಮಿಷ. ಅದೂ ನಡುವೆ ಕರೆಂಟ್ ಹೋಗದಿದ್ರೆ. ಎರಡು ಸಲ ಹೋಯ್ತು. ಸರ್ವರ್ ಬಿಲ್ಡ್ ಮಾಡಿದ ಮೇಲೆ ಅದು 70 ಎಂಬಿಗೆ ಇಳೀತು, ಐದು ನಿಮಿಷದೊಳಗೆ ಹೋಯ್ತು.

ಯಾವ ಕಂಪನಿಯ ಕ್ಲೌಡ್ ಅಂತ ಕೇಳಬೇಡಿ. ಅದು ಮುಖ್ಯ ಅಲ್ಲ, ತಪ್ಪೆಲ್ಲ ನಮ್ಮದೇ. ವಿವರಿಸೋಕೆ ಅಮೆಜಾನ್‌ನ ಗೇಮ್‌ಲಿಫ್ಟ್ ತಗೋತೀನಿ, ಅದರ ಕೈಪಿಡಿ ಯಾರು ಬೇಕಾದ್ರೂ ಓದಬಹುದು. ಅಲ್ಲಿ 'ಅಪ್‌ಲೋಡ್-ಬಿಲ್ಡ್' ಅನ್ನೋ ಕಮಾಂಡ್ ಇದೆ. ಬಿಲ್ಡಿನ ಹೆಸರು, ಆವೃತ್ತಿ ಸಂಖ್ಯೆ, ಫೋಲ್ಡರ್ ಎಲ್ಲಿದೆ, ಯಾವ ಆಪರೇಟಿಂಗ್ ಸಿಸ್ಟಮ್, ಯಾವ ರೀಜನ್, ಇಷ್ಟು ಹೇಳಿದ್ರೆ ಅದು ಫೋಲ್ಡರನ್ನ ಜಿಪ್ ಮಾಡಿ ಕಳಿಸುತ್ತೆ. ಒಂದ್ಸಲ ಹೋದ ಬಿಲ್ಡಿನೊಳಗಿನ ಫೈಲ್ ತಿದ್ದೋಕಾಗಲ್ಲ. ಒಂದು ಅಕ್ಷರ ತಪ್ಪಿದ್ರೂ ಹೊಸ ಬಿಲ್ಡ್. ಲೆಡ್ಜರಿನಲ್ಲಿ ಹಳೇ ಎಂಟ್ರಿ ಹೊಡೆದುಹಾಕದೆ ಹೊಸ ಎಂಟ್ರಿಯಿಂದ ಸರಿಪಡಿಸ್ತೀವಲ್ಲ, ಹಾಗೆ. ನನಗಂತೂ ಈ ಪದ್ಧತಿ ಇಷ್ಟ ಆಯ್ತು.

ರೀಜನ್ ವಿಷಯಕ್ಕೆ ಬರೋಣ, ಆಟ ಕೆಡೋದೇ ಇಲ್ಲಿ. ಅಮೆಜಾನ್ ಮುಂಬೈ ರೀಜನ್ ತೆರೆದದ್ದು 2016ರಲ್ಲಿ. ಕೂಡಲಸಂಗಮದಿಂದ ಮುಂಬೈ ನೇರವಾಗಿ ಅಳೆದ್ರೆ 500 ಕಿಲೋಮೀಟರ್ ಒಳಗೆ, ಸಿಂಗಾಪುರ ಸುಮಾರು 3,400. ಫೈಬರ್ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಹೆಚ್ಚುಕಮ್ಮಿ 2 ಲಕ್ಷ ಕಿಲೋಮೀಟರ್ ಓಡುತ್ತೆ. ಅಂದ್ರೆ ಸಿಂಗಾಪುರಕ್ಕೆ ಹೋಗಿಬರೋಕೇ ಕನಿಷ್ಠ 34 ಮಿಲಿಸೆಕೆಂಡ್, ಮುಂಬೈಗೆ 5. ಟವರು, ರೂಟರು, ಸುತ್ತುದಾರಿ ಎಲ್ಲ ಸೇರಿ ನಿಜವಾದ ಪಿಂಗ್ ಇದಕ್ಕಿಂತ ಬಹಳ ಜಾಸ್ತಿ. ನಮ್ಮ ಸರ್ವರ್ ಸೆಕೆಂಡಿಗೆ 30 ಸಲ ಲೆಕ್ಕ ಹಾಕ್ತಿತ್ತು, ಪ್ರತಿ 33 ಮಿಲಿಸೆಕೆಂಡಿಗೆ ಒಂದು ತೀರ್ಮಾನ. ದೂರ ಹೆಚ್ಚಾದಷ್ಟೂ ನೀವು ಮುಟ್ಟಿದ್ದು ಪಂಚನಿಗೆ ತಡವಾಗಿ ಗೊತ್ತಾಗುತ್ತೆ. "ನಾ ಮುಟ್ಟೀನಿ", "ಇಲ್ಲ ಮುಟ್ಟಿಲ್ಲ" ಅನ್ನೋ ಜಗಳ ಅಲ್ಲಿಂದಲೇ ಹುಟ್ಟೋದು. ಮ್ಯಾಪಿನಲ್ಲಿ ಹೈದರಾಬಾದ್ ಇನ್ನೂ ಹತ್ತಿರ, ಆದರೆ ಡೇಟಾ ರಸ್ತೆ ನೋಡಿ ಹೋಗಲ್ಲ. ನಿಮ್ಮ ಆಟಗಾರರ ಫೋನಿಂದಲೇ ಪಿಂಗ್ ಅಳೆದು ರೀಜನ್ ಆರಿಸಿ.

ಶನಿವಾರ ಮಧ್ಯಾಹ್ನ ಬಿಲ್ಡ್ 'ರೆಡಿ' ಅಂತ ತೋರಿಸ್ತು. ಹುಡುಗ ಕುಣಿದ. ಆದರೆ ರೆಡಿ ಅಂದ್ರೆ ಪಾರ್ಸೆಲ್ ತಲುಪಿದೆ ಅಂತ ಅಷ್ಟೇ, ಒಳಗಿನ ಮಿಕ್ಸರ್ ತಿರುಗುತ್ತೆ ಅಂತಲ್ಲ. ಬಿಲ್ಡ್ ಓಡಬೇಕಂದ್ರೆ ಫ್ಲೀಟ್ ಬೇಕು, ಅಂದ್ರೆ ಬಾಡಿಗೆ ಕಂಪ್ಯೂಟರುಗಳ ಗುಂಪು. ಯಾವ ಫೈಲನ್ನ ಓಡಿಸಬೇಕು ಅಂತ ದಾರಿ ಬರೆದುಕೊಡಬೇಕು. ಅವನ ವಿಂಡೋಸ್ ಲ್ಯಾಪ್‌ಟಾಪಿಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಲಿನಕ್ಸಿಗೆ ಅಲ್ಲ. ಫೈಲಿನ ಹೆಸರು ದೊಡ್ಡಕ್ಷರದಲ್ಲಿ, ದಾರಿಯಲ್ಲಿ ಬರೆದದ್ದು ಸಣ್ಣಕ್ಷರದಲ್ಲಿ. ಫ್ಲೀಟ್ ಬಿತ್ತು. ಸರಿಮಾಡಿದ್ವಿ, ಮತ್ತೆ ಬಿತ್ತು. ಈ ಸಲ ಫೈಲಿಗೆ ಓಡೋ ಅನುಮತಿಯೇ ಇರಲಿಲ್ಲ. ವಿಂಡೋಸಿನಲ್ಲಿ ಜಿಪ್ ಮಾಡಿದಾಗ ಲಿನಕ್ಸಿನ ಆ ಗುರುತು ಉಳಿಯಲ್ಲ. ಬಿಲ್ಡ್ ಫೋಲ್ಡರಿನಲ್ಲಿ ಒಂದು ಇನ್‌ಸ್ಟಾಲ್ ಸ್ಕ್ರಿಪ್ಟ್ ಇಟ್ಟು ಅನುಮತಿ ಕೊಡಿಸಿದ ಮೇಲೆ ಎದ್ದು ನಿಂತಿತು.

ಆಮೇಲೂ ಒಂದು ಫೋನೂ ಸೇರಲಿಲ್ಲ! ಗೇಮು ಯುಡಿಪಿಯಲ್ಲಿ ಮಾತಾಡುತ್ತೆ, ನಾವು ಟಿಸಿಪಿ ಬಾಗಿಲು ತೆರೆದು ಕೂತಿದ್ವಿ. ಎರಡು ತಾಸು ಹುಡುಕಿದ ತಪ್ಪು ಇದು. ನಿಮ್ಮದು ಸೇರ್ತಿಲ್ಲ ಅಂದ್ರೆ ಮೊದಲು ಪೋರ್ಟೇ ನೋಡಿ.

ಇನ್ನು ನನ್ನ ಕಾರ್ಡಿನ ವಿಷಯ. ಬಾಡಿಗೆ ಓಡೋದು ಆಟ ನಡೆದಾಗಲ್ಲ, ಕಂಪ್ಯೂಟರ್ ಎದ್ದಿದ್ದಾಗ. ಗಂಟೆಗೆ 10 ರೂಪಾಯಿ ಅಂತ ಇಟ್ಕೊಳ್ಳಿ, ದಿನಕ್ಕೆ 240, ಮರೆತುಬಿಟ್ರೆ 30 ದಿನಕ್ಕೆ 7,200. ಯಾರೂ ಆಡದಿದ್ರೂ. ಖಾಲಿ ಅಂಗಡಿಗೂ ಬಾಡಿಗೆ ಕಟ್ಟೋದು ತಪ್ಪಲ್ಲವಲ್ಲ. ಶನಿವಾರ ರಾತ್ರಿ ಅವನು ಬಂದ್ ಮಾಡದೇ ಮಲಗಿದ್ದ. ಬೆಳಿಗ್ಗೆ ನೋಡಿದ್ರೆ ಮೂರು ಫ್ಲೀಟ್ ಎದ್ದು ಕೂತಿವೆ, ಎರಡು ಪ್ರಯೋಗದ್ದು. ಬೈದೆ. ಆಮೇಲೆ ಬಜೆಟ್ ಅಲರ್ಟ್ ಹಾಕಿಸಿದೆ. ಅದು ಮಿತಿ ದಾಟೋವಾಗ ಮೇಲ್ ಕಳಿಸುತ್ತೆ ಅಷ್ಟೇ, ತಾನಾಗಿ ಎಲ್ಲ ನಿಲ್ಲಿಸಿಬಿಡುತ್ತೆ ಅಂತ ನಂಬಿ ಕೂರಬೇಡಿ. ನನ್ನನ್ನ ಕೇಳಿದ್ರೆ, ಹತ್ತಿಪ್ಪತ್ತು ಜನ ಆಡೋ ಗೇಮಿಗೆ ಫ್ಲೀಟೇ ಬೇಡ. ಒಂದು ಸಣ್ಣ ವರ್ಚುವಲ್ ಮಷೀನ್ ಸಾಕಿತ್ತು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಫ್ಲೀಟ್ ಅಂತ ಬರೆದುಬಿಟ್ಟಿದ್ದ, ಅದಕ್ಕೆ ಈ ಉಸಾಬರಿ.

ಭಾನುವಾರ ಸಂಜೆ 6ಕ್ಕೆ ಇಳಕಲ್, ಹುನಗುಂದ, ಬಾದಾಮಿ, ಬಾಗಲಕೋಟೆಯಿಂದ 14 ಫೋನು ಸೇರಿದವು. ಸರ್ವರ್ ಸರಿಸುಮಾರು ನಿಮಿಷಕ್ಕೊಮ್ಮೆ ಆರೋಗ್ಯ ಹೇಳ್ತಿತ್ತು. ಎರಡು ಸಲ "ಮುಟ್ಟಿಲ್ಲ" ಜಗಳ ಬಂತು, ಎರಡೂ ಬಾದಾಮಿ ಹುಡುಗನ ಫೋನಿಂದ. ಅವನ ಸಿಗ್ನಲ್ ಒಂದೇ ಕಡ್ಡಿ ಇತ್ತು, ಸರ್ವರಿನ ತಪ್ಪಲ್ಲ. ರಾತ್ರಿ 8ಕ್ಕೆ ನಾನೇ ಲ್ಯಾಪ್‌ಟಾಪ್ ಕಸಿದು ಫ್ಲೀಟನ್ನ ಸೊನ್ನೆಗೆ ಇಳಿಸಿದೆ.

"ಅಣ್ಣಾ, ಇನ್ನೊಂದು ಮ್ಯಾಚ್ ಅಷ್ಟ..."

"ವೈವಾದಾಗ ಆಡು. 10ಕ್ಕ ಇಟ್ಟಾರಲ್ಲ, 9:30ಕ್ಕ ಏರಸ್ತೀನಿ."