ಮಾಗಡಿಯ ನೆರಳು, ಚನ್ನಪಟ್ಟಣದ ನೆರಳು

ಭೂಮಿ ಬೀಳದೆ ನಿಂತಿರುವುದು ಹೇಗೆ? ಶೇಷ ಹೊತ್ತಿದ್ದಾನೆ, ಆನೆಗಳು ಹೊತ್ತಿವೆ ಎಂಬ ಉತ್ತರ ಭಾಸ್ಕರಾಚಾರ್ಯರ ಕಾಲಕ್ಕೇ ಹಳೆಯದು. ಅವರು ಅದಕ್ಕೊಂದು ಮರುಪ್ರಶ್ನೆ ಹಾಕಿದರು: ಹೊತ್ತವನನ್ನು ಹೊತ್ತವರು ಯಾರು? ಅವನಿಗೊಬ್ಬ, ಅವನ ಕೆಳಗಿನ್ನೊಬ್ಬ ಎನ್ನುತ್ತಾ ಹೋದರೆ ಕೊನೆಯೇ ಇಲ್ಲ. ಎಲ್ಲೋ ಒಂದು ಕಡೆ, ಇದು ಸ್ವಂತ ಶಕ್ತಿಯಿಂದ ನಿಂತಿದೆ ಎಂದು ಒಪ್ಪಲೇಬೇಕು. ಕೊನೆಗೆ ಒಪ್ಪುವುದನ್ನು ಮೊದಲೇ, ಭೂಮಿಯ ಮಟ್ಟಿಗೇ ಒಪ್ಪಿಬಿಟ್ಟರೆ ಏನು ಗಂಟು ಹೋಗುತ್ತದೆ?

ಅವರು ಹುಟ್ಟಿದ್ದು 1114ರಲ್ಲಿ, ಸಹ್ಯಾದ್ರಿ ಸೀಮೆಯ ವಿಜ್ಜಡವಿಡದಲ್ಲಿ. ಅದು ನಮ್ಮ ವಿಜಯಪುರದ ಕಡೆಯದೆಂಬ ವಾದವಿದೆ, ಮಹಾರಾಷ್ಟ್ರದ್ದೆಂಬ ವಾದವೂ ಇದೆ; ಆ ಜಗಳ ನಮಗಿಲ್ಲಿ ಬೇಡ. 36ನೆಯ ವಯಸ್ಸಿನಲ್ಲಿ, 1150ರಲ್ಲಿ, ‘ಸಿದ್ಧಾಂತ ಶಿರೋಮಣಿ’ ಬರೆದರು. ಅದಕ್ಕೆ ತಾವೇ ಬರೆದ ವ್ಯಾಖ್ಯಾನದಲ್ಲಿ ಒಂದು ಕಟ್ಟುಪಾಡು ಹಾಕಿಕೊಂಡಿದ್ದಾರೆ: ಗಣಿತದ ಮಟ್ಟಿಗೆ ಉಪಪತ್ತಿ, ಎಂದರೆ ಕಾರಣಸಹಿತ ಸಮರ್ಥನೆ, ಇರುವ ಆಗಮ ಮಾತ್ರ ಪ್ರಮಾಣ.

ಭೂಮಿಯ ಸುತ್ತಳತೆ ತಿಳಿಯಲು ಅವರು ತೋರಿಸಿದ ದಾರಿಯನ್ನು ನಮ್ಮ ರಾಮನಗರದ ಸುತ್ತಮುತ್ತಲೇ ನಡೆದು ನೋಡಬಹುದು. ನೇರ ಉತ್ತರ-ದಕ್ಷಿಣವಾಗಿರುವ ಎರಡು ಊರುಗಳು ಬೇಕು. ಅಕ್ಷಾಂಶದ ಇಷ್ಟು ವ್ಯತ್ಯಾಸಕ್ಕೆ ಇಷ್ಟು ದೂರವಾದರೆ 360 ಡಿಗ್ರಿಗೆ ಎಷ್ಟು? ತ್ರೈರಾಶಿಕ, ಅಷ್ಟೆ. ಕನಕಪುರ ಪೂರ್ವಕ್ಕೆ ಸರಿದಿದೆ, ರಾಮನಗರವೂ ತುಸು ಸರಿದಿದೆ. ಮಾಗಡಿ ಮತ್ತು ಚನ್ನಪಟ್ಟಣ ಮಾತ್ರ ಹೇಳಿ ಮಾಡಿಸಿದ ಜೋಡಿ. ಎರಡರ ರೇಖಾಂಶವೂ ಹೆಚ್ಚುಕಡಿಮೆ 77.2 ಡಿಗ್ರಿ.

ಮಾರ್ಚ್ 20ರ ಸುಮಾರಿಗೆ ಹಗಲು-ರಾತ್ರಿ ಸಮವಾಗುವ ದಿನ, ಎರಡೂ ಊರುಗಳಲ್ಲಿ 12 ಅಡಿಯ ಗಳವನ್ನು ನೆಟ್ಟಗೆ ನಿಲ್ಲಿಸಿ. ಗಡಿಯಾರದ 12 ಗಂಟೆ ಇಲ್ಲಿ ನಡುಹಗಲಲ್ಲ. ನೆರಳು ಅತಿ ಗಿಡ್ಡವಾಗುವುದು ಸುಮಾರು 12.28ಕ್ಕೆ. ಆಗ ಮಾಗಡಿಯಲ್ಲಿ ನೆರಳು 33.1 ಇಂಚು, ಚನ್ನಪಟ್ಟಣದಲ್ಲಿ 32.3 ಇಂಚು ಇರಬೇಕು. ಅಂದು ಸೂರ್ಯ ಸಮಭಾಜಕದ ನೇರಕ್ಕಿರುವುದರಿಂದ, ಗಳದ ಎತ್ತರಕ್ಕೂ ನೆರಳಿನ ಉದ್ದಕ್ಕೂ ಇರುವ ಪ್ರಮಾಣವೇ ಊರಿನ ಅಕ್ಷಾಂಶವನ್ನು ಕೊಡುತ್ತದೆ: 12.96 ಮತ್ತು 12.65. ವ್ಯತ್ಯಾಸ 0.31 ಡಿಗ್ರಿ, ನೇರ ದೂರ ಸುಮಾರು 34 ಕಿಲೋಮೀಟರ್. ಗುಣಿಸಿ ಭಾಗಿಸಿದರೆ 39,500 ಕಿಲೋಮೀಟರ್ ಆಸುಪಾಸು ಬರುತ್ತದೆ. ಇಂದಿನ ಅಳತೆ 40,000.

ಕಾಗದದ ಮೇಲೆ ಇಷ್ಟು ಸಲೀಸು. ಬಿಸಿಲಿಗಿಳಿದರೆ ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ ಎಂಬುದು ಗೊತ್ತಾಗುತ್ತದೆ. ಗಳದ ನೆರಳಿನ ತುದಿ ಒಂದು ಇಂಚಿಗೂ ಮಿಕ್ಕಿ ಮಸುಕಾಗಿರುತ್ತದೆ, ನಾವು ಹುಡುಕುವ ವ್ಯತ್ಯಾಸವೋ ಮುಕ್ಕಾಲು ಇಂಚು ಚಿಲ್ಲರೆ! ತುದಿಗೆ ಸಣ್ಣ ತೂತಿನ ತಗಡು ಕಟ್ಟಿ, ನೆಲಕ್ಕೆ ಬೀಳುವ ಬೆಳಕಿನ ಬಿಲ್ಲೆಯ ನಟ್ಟನಡುವಿಗೆ ಅಳತೆ ಹಿಡಿದರೆ ಕೆಲಸ ಸಾಗೀತು. ಹತ್ತಾರು ಯಂತ್ರಗಳನ್ನು ವಿವರಿಸಿದ ಭಾಸ್ಕರರು ಕೊನೆಗೆ, ಬುದ್ಧಿಯುಳ್ಳವನಿಗೆ ಕೈಯಲ್ಲೊಂದು ಕೋಲಿದ್ದರೆ ಸಾಕು ಎಂದುಬಿಡುತ್ತಾರೆ. ಕೋಲು ಸಾಕು, ನಿಜ. ಬುದ್ಧಿಗೆ ಮಾತ್ರ ಕೆಲಸ ಜಾಸ್ತಿ.

ಇಷ್ಟು ಖಡಕ್ಕಾದ ಮನುಷ್ಯ ಗ್ರಹಣದ ವಿಷಯಕ್ಕೆ ಬಂದಾಗ ಸ್ವಲ್ಪ ಬಾಗುತ್ತಾರೆ. ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು, ಸೂರ್ಯನನ್ನು ಮರೆಮಾಡುವುದು ಚಂದ್ರ ಎಂದು ಅವರಿಗೆ ಖಚಿತವಾಗಿ ಗೊತ್ತು. ರಾಹುವೇ ಕಾರಣವಾಗಿದ್ದರೆ ಗ್ರಹಣ ಹಿಡಿಯುವ ದಿಕ್ಕು, ಹೊತ್ತು, ಪ್ರಮಾಣ ಬೇರೆ ಬೇರೆಯಾಗಬಾರದಿತ್ತು ಎಂಬ ವಾದವನ್ನೂ ಮುಂದಿಡುತ್ತಾರೆ. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡಿನವರು ಬೆಂಕಿಯ ಬಳೆ ನೋಡಿದರು. ಅದೇ ಬೆಳಗ್ಗೆ ರಾಮನಗರದವರಿಗೆ ಕಂಡದ್ದು ತುಂಡು ಸೂರ್ಯ. ಇದು ಅದೇ ವಾದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ.

ಆದರೆ ವೇದ, ಪುರಾಣಗಳ ಮಾತು ಸುಳ್ಳಾಗಬಾರದಲ್ಲ? ಬ್ರಹ್ಮನ ವರದಿಂದ ಕತ್ತಲೆಯ ರಾಹುವೇ ಭೂಮಿಯ ನೆರಳಿನೊಳಗೆ ಹೊಕ್ಕು ಚಂದ್ರನನ್ನು, ಚಂದ್ರನೊಳಗೆ ಹೊಕ್ಕು ಸೂರ್ಯನನ್ನು ಮುಚ್ಚುತ್ತಾನೆ ಎಂದು ಹೇಳಿ ಎರಡನ್ನೂ ಹೊಂದಿಸುತ್ತಾರೆ. ನನಗೆ ಇದು ರಾಜಿ ಪಂಚಾಯಿತಿಯಂತೆ ತೋರುತ್ತದೆ. ಶೇಷನಿಗೆ ಹಾಕಿದ ಪ್ರಶ್ನೆಯನ್ನು ಅವರು ಇಲ್ಲಿ ರಾಹುವಿಗೆ ಹಾಕಲಿಲ್ಲ. ಹಾಗೆಂದು ಗ್ರಹಣದ ಗಣಿತದೊಳಗೆ ಆ ವರವನ್ನು ಬಿಟ್ಟುಕೊಳ್ಳಲೂ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ನೆರಳಿನ ಅಗಲ, ಚಂದ್ರನ ಶರ, ಎಂದರೆ ಸೂರ್ಯನ ದಾರಿಯಿಂದ ಅವನು ಸರಿದಿರುವ ಅಳತೆ, ಮತ್ತು ಲಂಬನ, ಎಂದರೆ ನೋಡುವವನ ಊರಿಗೆ ತಕ್ಕಂತೆ ಅವನು ಕಾಣುವ ಜಾಗದಲ್ಲಾಗುವ ಪಲ್ಲಟ.