ಕಾವೇರಿಯ ಬಿಳಿಮೀನು

ಕನ್ನಡಿಗರು ಬಿಳಿಮೀನೆಂದು ಕರೆಯುವ ಮಹಶೀರ್ ಮೀನುಗಳಲ್ಲಿ ಗೂನುಬೆನ್ನಿನ ಪ್ರಭೇದವೊಂದುಂಟು. ಕಾವೇರಿ ಹಾಗೂ ಅದರ ಉಪನದಿಗಳನ್ನುಳಿದು ಜಗತ್ತಿನ ಬೇರಾವ ನೀರೂ ಅದರ ತವರಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಗಾಳಹಾಕಿ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು. ಇಷ್ಟು ಪ್ರಸಿದ್ಧವಾದ ಮೀನು ಟಾರ್ ರೆಮಾದೇವಿಯೈ ಪ್ರಭೇದವೇ ಎಂಬುದು ವಿಜ್ಞಾನಿಗಳಿಗೆ ಖಚಿತವಾದುದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿದುದು ವಿಷಾದಕರ. ಅಣೆಕಟ್ಟುಗಳು, ಸಿಡಿಮದ್ದಿನಿಂದ ಮೀನು ಹಿಡಿಯುವಿಕೆ ಇವಷ್ಟೇ ಇದಕ್ಕೆ ಕಾರಣವಲ್ಲ. ಮಹಶೀರ್ ಸಂತತಿಯನ್ನು ವೃದ್ಧಿಪಡಿಸುವ ಸದುದ್ದೇಶದಿಂದ ಲೋಣಾವಳದಲ್ಲಿ ಮರಿಮಾಡಿಸಿದ ನೀಲಿರೆಕ್ಕೆಯ ಪ್ರಭೇದವನ್ನು ಕಾವೇರಿಗೂ ಬಿಡಲಾಯಿತು. ಉಪಕಾರವೆಂದು ತಂದ ಆ ಬಂಧುವೇ ಹೊಳೆಯನ್ನು ತುಂಬಿಕೊಂಡಿತು. ಮನೆಯೊಡೆಯನಾದ ಗೂನುಬೆನ್ನಿನ ಮೀನು ಮೋಯಾರಿನಂಥ ಕೆಲವೇ ಹೊಳೆಗಳಲ್ಲಿ ಉಳಿದುಕೊಂಡಿದೆ.