ಬಾಗಿದ ಬೆನ್ನಿಗೆ ಆಸರೆ

2019ರ ಫೆಬ್ರವರಿ ತಿಂಗಳಿನಲ್ಲಿ ಹಂಪೆಯ ಸುದ್ದಿಯೊಂದು ನಾಡಿನ ತುಂಬ ಹರಡಿತು. ಅಲ್ಲಿಯ ವಿಷ್ಣು ದೇವಾಲಯವೊಂದರ ಬಳಿ ಕೆಲವು ತರುಣರು ವಿಜಯನಗರ ಕಾಲದ ಕಲ್ಲುಕಂಬವನ್ನು ತಳ್ಳಿ ಕೆಡಹಿದ ದೃಶ್ಯವನ್ನು ಜನರು ವೀಡಿಯೊದಲ್ಲಿ ಕಂಡರು. ಕಂಡವರೆಲ್ಲ ಮನನೊಂದರು, ಕೆರಳಿದರು. ಪೊಲೀಸರು ಆ ತರುಣರನ್ನು ಹುಡುಕಿ ಬಂಧಿಸಿದರು. ಹೊಸಪೇಟೆಯ ನ್ಯಾಯಾಲಯವು ಒಬ್ಬೊಬ್ಬರಿಗೂ 70,000 ರೂಪಾಯಿಗಳ ದಂಡವನ್ನು ವಿಧಿಸಿತು. ಕೆಡಹಿದ ಕೈಗಳಿಂದಲೇ ಕಂಬವನ್ನು ಮತ್ತೆ ಎತ್ತಿ ನಿಲ್ಲಿಸಿದ್ದೂ ಆಯಿತು.

ಇದು ಮೆಚ್ಚತಕ್ಕ ಸಂಗತಿಯೇ ಸರಿ. ಆದರೆ ಇದರ ಬೆನ್ನಿಗೇ ಒಂದು ಪ್ರಶ್ನೆ ಏಳುತ್ತದೆ. ಮನೆಯ ಭಾರವನ್ನೆಲ್ಲ ಹಲವು ದಶಕಗಳ ಕಾಲ ಹೊತ್ತು ನಿಂತು, ಈಗ ಬಾಗಿರುವ ಹಿರಿಯ ಜೀವಗಳಿಗೂ ಇಂತಹ ರಕ್ಷಣೆ ದೊರೆಯುತ್ತಿದೆಯೆ? ಕಂಬ ಉರುಳಿದ್ದನ್ನು ನಾಡೆಲ್ಲ ಕಂಡಿತು. ಆದುದರಿಂದ ನ್ಯಾಯ ದೊರೆಯಿತು. ಮುಚ್ಚಿದ ಬಾಗಿಲಿನ ಹಿಂದೆ ಮುದುಕಿಯೊಬ್ಬಳು ಹಸಿದು ಮಲಗಿದರೆ ಅದನ್ನು ಕಾಣುವವರು ಯಾರು?

ಮಕ್ಕಳಿಗೆ ರಕ್ಷಣೆ ಬೇಕೆಂಬುದು ಎಲ್ಲರಿಗೂ ತಿಳಿದ ವಿಷಯ. ವಯಸ್ಸಿಗೆ ಬಂದವರಲ್ಲಿಯೂ ರಕ್ಷಣೆ ಬೇಕಾದವರು ಇದ್ದಾರೆಂಬುದನ್ನು ನಾವು ಎಷ್ಟೋ ವೇಳೆ ಮರೆಯುತ್ತೇವೆ. ಮುಪ್ಪಿನಿಂದ ಕುಗ್ಗಿದವರು, ಹಾಸಿಗೆ ಹಿಡಿದವರು, ಕಣ್ಣು ಕಿವಿ ಕಾಲುಗಳ ಬಲ ಕಳೆದುಕೊಂಡವರು, ಬುದ್ಧಿ ಬೆಳೆಯದವರು, ಮರೆವಿನ ರೋಗಕ್ಕೆ ತುತ್ತಾದವರು, ಇವರೆಲ್ಲರೂ ಅನ್ನ ನೀರುಗಳಿಗೂ ಪರರ ಕೈಯನ್ನು ನೆಚ್ಚಬೇಕಾದವರು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ವರ್ಷ ತುಂಬಿದವರ ಸಂಖ್ಯೆಯೇ ಹತ್ತು ಕೋಟಿಯನ್ನು ಮೀರಿತ್ತು. ಜಗತ್ತಿನಲ್ಲಿ ಅರವತ್ತು ದಾಟಿದ ಆರು ಮಂದಿಯಲ್ಲಿ ಸುಮಾರು ಒಬ್ಬರು ಒಂದಲ್ಲ ಒಂದು ಬಗೆಯ ದುರ್ನಡತೆಗೆ ಗುರಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಇದನ್ನು ಮನಗಂಡೇ ವಿಶ್ವಸಂಸ್ಥೆಯು ಜೂನ್ 15ನೆಯ ದಿನವನ್ನು ಹಿರಿಯರ ಮೇಲಿನ ದೌರ್ಜನ್ಯದ ವಿರುದ್ಧ ಅರಿವು ಮೂಡಿಸುವ ದಿನವೆಂದು ಅಂಗೀಕರಿಸಿದೆ.

ಇದು ಎಲ್ಲಿಯೋ ದೂರದ ಮಾತಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸೀಮೆಯನ್ನೇ ನೋಡಬಹುದು. ತುಂಗಭದ್ರೆಯ ನೀರುಂಡು ಕಬ್ಬು, ಬಾಳೆ, ಬತ್ತ ಬೆಳೆಯುವ ಗದ್ದೆಗಳು ಒಂದು ಕಡೆ. ಕಬ್ಬಿಣದ ಅದಿರಿನ ಗಣಿಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇನ್ನೊಂದು ಕಡೆ. ದುಡಿಮೆಯನ್ನು ಅರಸಿ ಇಲ್ಲಿಗೆ ಬರುವವರಿರುವಂತೆಯೇ ಇಲ್ಲಿಂದ ಗುಳೆ ಹೋಗುವವರೂ ಇದ್ದಾರೆ. ತಾಂಡಾಗಳ ಎಷ್ಟೋ ಕುಟುಂಬಗಳು ಕಬ್ಬು ಕಡಿಯುವ ಕಾಲಕ್ಕೆ ದೂರದ ಊರುಗಳಿಗೆ ಹೊರಟುಬಿಡುತ್ತವೆ. ಆಗ ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಓದಿದ ತರುಣರು ಬೆಂಗಳೂರನ್ನು ಸೇರುತ್ತಾರೆ. ಮಕ್ಕಳು ಕೆಟ್ಟವರೆಂದೇನೂ ಅಲ್ಲ. ಹೊಟ್ಟೆಯ ಪಾಡು ಅವರನ್ನು ಅಲೆಸುತ್ತದೆ. ಬಡತನದಿಂದ ಎಲ್ಲರೊಡನೆ ಅರೆಹೊಟ್ಟೆ ಉಣ್ಣುವುದು ಬೇರೆ. ಮನೆಯವರೆಲ್ಲರೂ ಉಂಡು ಹಿರಿಯರನ್ನು ಉಪವಾಸ ಕೆಡಹುವುದು ಬೇರೆ. ಮೊದಲನೆಯದು ಕಷ್ಟ, ಎರಡನೆಯದು ಅನ್ಯಾಯ.

ಈ ಅನ್ಯಾಯಕ್ಕೆ ಹಲವು ಮುಖಗಳಿವೆ. ಹೊಡೆತ ಬಡಿತಗಳು ಎಲ್ಲರಿಗೂ ಅರ್ಥವಾಗುತ್ತವೆ. ಆದರೆ ದಿನವೂ ಹಂಗಿಸುವುದು, ಮಾತನ್ನೇ ಆಡಿಸದಿರುವುದು, ದನದ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿಸುವುದು ಇವೂ ಹಿಂಸೆಯೇ. ತಿಂಗಳ ವೃದ್ಧಾಪ್ಯ ವೇತನವನ್ನು ಪಡೆದು ಅವರಿಗೆ ಕೊಡದಿರುವುದು, ಓದುಬರಹ ಬಾರದ ತಾಯಿಯ ಹೆಬ್ಬೆಟ್ಟನ್ನು ಒತ್ತಿಸಿಕೊಂಡು ಹೊಲದ ಪಹಣಿಯಲ್ಲಿ ಹೆಸರನ್ನು ಬದಲಾಯಿಸುವುದು ಹಣದ ದೌರ್ಜನ್ಯ. ಔಷಧಿ ತಂದುಕೊಡದಿರುವುದು, ಹೊದಿಕೆ ಬದಲಿಸದಿರುವುದು, ಕನ್ನಡಕ ಒಡೆದು ವರ್ಷವಾದರೂ ಹೊಸದನ್ನು ಕೊಡಿಸದಿರುವುದು ಅಲಕ್ಷ್ಯ. ಹೊಡೆತದ ಗುರುತು ಮೈಮೇಲೆ ಕಾಣುತ್ತದೆ. ಅಲಕ್ಷ್ಯದ ಗುರುತು ಬೇಗನೆ ಕಾಣದು. ಆದುದರಿಂದಲೇ ಅದು ಹೆಚ್ಚು ಅಪಾಯಕರ.

ಹೀಗಿದ್ದೂ ನೊಂದವರು ಏಕೆ ಬಾಯಿ ಬಿಡುವುದಿಲ್ಲ? ಕೆಲವರಿಗೆ ಭಯ, ಹೇಳಿದರೆ ಇರುವ ತುತ್ತೂ ತಪ್ಪೀತೆಂಬ ಅಳುಕು. ಹಲವರಿಗೆ ಮಮತೆ, ಮಗನ ಮಾನ ಹೋದೀತೆಂಬ ಚಿಂತೆ. ಇನ್ನು ನೆರೆಹೊರೆಯವರು, ‘ಅದು ಅವರ ಮನೆಯ ಮಾತು, ನಮಗೇಕೆ?’ ಎಂದು ಸುಮ್ಮನಾಗುತ್ತಾರೆ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅದರ ಮೊದಲ ಭಾಗವನ್ನಷ್ಟೇ ಹಿಡಿದು ಬಾಯಿ ಮುಚ್ಚಿಕೊಳ್ಳುವವರೇ ಹೆಚ್ಚು. ಗಂಡಹೆಂಡಿರ ಮುನಿಸು, ಅತ್ತೆಸೊಸೆಯರ ಒಂದು ಮಾತು ಗುಟ್ಟಾಗಿಯೇ ಇರಲಿ. ಆದರೆ ಅಸಹಾಯಕರ ಮೇಲಿನ ಹಿಂಸೆ ಸಂಸಾರದ ಗುಟ್ಟಲ್ಲ, ಅದೊಂದು ವ್ಯಾಧಿ. ಮುಚ್ಚಿಟ್ಟಷ್ಟೂ ಉಲ್ಬಣಿಸುವ ವ್ಯಾಧಿ. ಅದನ್ನು ರಟ್ಟು ಮಾಡಿದಲ್ಲದೆ ಮದ್ದು ದೊರೆಯದು.

ಮದ್ದು ನಮ್ಮಲ್ಲಿ ಇಲ್ಲದಿಲ್ಲ. 2007ರಲ್ಲಿ ನಮ್ಮ ಸಂಸತ್ತು ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯನ್ನು ಅಂಗೀಕರಿಸಿತು. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಯರಿಗೆ ಅನ್ನ, ಬಟ್ಟೆ, ವಸತಿ, ಚಿಕಿತ್ಸೆಗಳನ್ನು ಒದಗಿಸುವುದು ಮಕ್ಕಳ ಕರ್ತವ್ಯವೆಂದು ಅದು ಸಾರುತ್ತದೆ. ಇದರಲ್ಲಿ ಮಗ, ಮಗಳು ಎಂಬ ಭೇದವಿಲ್ಲ. ಮಕ್ಕಳಿಲ್ಲದ ಹಿರಿಯರನ್ನು, ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಬಂಧುಗಳು ನೋಡಿಕೊಳ್ಳಬೇಕು. ನೊಂದವರು ಉಪವಿಭಾಗದ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ತಾವೇ ಸಲ್ಲಿಸಲಾರದವರ ಪರವಾಗಿ ಅವರು ಒಪ್ಪಿದ ಬೇರೊಬ್ಬರು ಸಲ್ಲಿಸಬಹುದು. ಅರ್ಜಿಯೇ ಬಾರದಿದ್ದರೂ ಮಂಡಳಿಯು ತಾನಾಗಿ ವಿಚಾರಣೆ ಕೈಗೊಳ್ಳಬಹುದು. ಹಿರಿಯರನ್ನು ಕೈಬಿಡುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದವರಿಗೆ ಮೂರು ತಿಂಗಳವರೆಗಿನ ಸೆರೆವಾಸ, ಇಲ್ಲವೆ 5,000 ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶವಿದೆ.

ಗಣಿ, ಕಾರ್ಖಾನೆ, ಪ್ರವಾಸಿಗರ ದಟ್ಟಣೆಗಳಿಂದ ನೆಲದ ಬೆಲೆ ಏರಿರುವ ಈ ಸೀಮೆಯವರು ತಿಳಿಯಬೇಕಾದ ಇನ್ನೊಂದು ಅಂಶವಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ದಾನವಾಗಿ ಕೊಟ್ಟ ಆಸ್ತಿಯನ್ನು ಪಡೆದವರು ಮಾತು ತಪ್ಪಿದರೆ, ಆ ದಾನವನ್ನು ರದ್ದುಪಡಿಸುವ ಅಧಿಕಾರ ಮಂಡಳಿಗಿದೆ. ಆ ಷರತ್ತನ್ನು ದಾನಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸುವುದು ಕ್ಷೇಮ. ಅಂಗವಿಕಲರ ವಿಷಯದಲ್ಲಿ 2016ರ ಕಾಯಿದೆಯೊಂದಿದೆ. ಅವರ ಮೇಲೆ ದೌರ್ಜನ್ಯ ನಡೆಯುತ್ತಿದೆಯೆಂದು ನಂಬಲು ಕಾರಣವಿದ್ದರೆ, ನೊಂದವರೇ ಅಲ್ಲ, ಯಾರು ಬೇಕಾದರೂ ತಾಲ್ಲೂಕಿನ ದಂಡಾಧಿಕಾರಿಗಳಾದ ತಹಸೀಲ್ದಾರರಿಗೆ ತಿಳಿಸಬಹುದು.

ಆದರೆ ಕಾಯಿದೆಗೆ ತನ್ನದೇ ಆದ ಕಣ್ಣಿಲ್ಲ. ನೆರೆಯವರ ಕಣ್ಣೇ ಅದರ ಕಣ್ಣು, ನೆರೆಯವರ ಬಾಯೇ ಅದರ ಬಾಯಿ. ಶಾಲೆಯ ಮಕ್ಕಳು ಇದರಲ್ಲಿ ಏನು ಮಾಡಬಲ್ಲರು? ಗಮನಿಸಬಲ್ಲರು. ದಿನವೂ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ ಅಜ್ಜ ಎರಡು ದಿನಗಳಿಂದ ಏಕೆ ಕಾಣುತ್ತಿಲ್ಲ? ಪಕ್ಕದ ಮನೆಯ ಅಜ್ಜಿ ದಿನೇ ದಿನೇ ಏಕೆ ಸೊರಗುತ್ತಿದ್ದಾಳೆ? ಯಾರಾದರೂ ಬಂದರೆ ಏಕೆ ಬೆದರುತ್ತಾಳೆ? ಇಂತಹವನ್ನು ಕಂಡಾಗ ತಾವೇ ಜಗಳಕ್ಕೆ ನಿಲ್ಲುವುದು ತರವಲ್ಲ. ಅದರಿಂದ ಅವಳಿಗೇ ಕೇಡಾದೀತು. ಮನೆಯ ಹಿರಿಯರಿಗೆ, ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಗೆ, ಗ್ರಾಮ ಪಂಚಾಯಿತಿಯ ಸದಸ್ಯರಿಗೆ ಕಂಡದ್ದನ್ನು ಕಂಡಂತೆ ತಿಳಿಸಬೇಕು. ಹಿರಿಯರಿಗಾಗಿಯೇ 14567 ಎಂಬ ಸಹಾಯವಾಣಿಯಿದೆ. ಪ್ರಾಣಕ್ಕೆ ಅಪಾಯವಿದ್ದಲ್ಲಿ 112ಕ್ಕೆ ಕರೆ ಮಾಡಬೇಕು.

ಹಾಸಿಗೆ ಹಿಡಿದವರನ್ನು ಹಗಲಿರುಳು ಆರೈಕೆ ಮಾಡುವವರ ಬವಣೆಯನ್ನೂ ನಾವು ಅರಿಯಬೇಕು. ಎಲ್ಲ ಭಾರವನ್ನೂ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ತಲೆಯ ಮೇಲೆ ಹೊರಿಸಿದರೆ ಆಕೆಯ ಸಹನೆಯೂ ಬತ್ತೀತು. ಔಷಧಿ ತಂದುಕೊಡುವುದು, ಒಂದು ಗಂಟೆ ಜೊತೆಗೆ ಕೂಡುವುದು, ಪತ್ರಿಕೆ ಓದಿ ಹೇಳುವುದು ಒಂಬತ್ತನೆಯ ತರಗತಿಯ ಹುಡುಗನಿಗೂ ಹುಡುಗಿಗೂ ಅಸಾಧ್ಯವಾದ ಕೆಲಸಗಳಲ್ಲ.

ಶಾಲೆಯಿಂದ ಮರಳುವಾಗ ಓಣಿಯ ಮನೆಯ ಮುಂದೆ ಒಂದು ಕ್ಷಣ ನಿಂತು, ‘ಅಜ್ಜೀ, ಊಟ ಆತೇನು?’ ಎಂದು ಕೇಳುವುದಕ್ಕೆ ಹಣ ಬೇಡ, ಅಧಿಕಾರ ಬೇಡ. ಕೇಳುವವರೊಬ್ಬರು ಇದ್ದಾರೆಂದು ತಿಳಿದ ಮನೆಯಲ್ಲಿ ಅನ್ಯಾಯ ಮಾಡುವ ಕೈ ಹಿಂಜರಿಯುತ್ತದೆ. ನೊಂದ ಜೀವ ಬಾಯಿ ತೆರೆಯಲು ಧೈರ್ಯ ತಾಳುತ್ತದೆ.